ಕೋಳಿಮರಿ ತಿಂದ ಮದ್ದು



ಪ್ರತಿ ವಾರ ನನ್ನ ದನಿ ಕೇಳುವ ನೀವು ಈ ಸಲ ನನ್ನ ಬರಹ ಓದುತ್ತಿದ್ದೀರಿ. ಇದಕ್ಕೆ ಕಾರಣ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಬಂದ ಒಂದು ಕರೆ. ಅಂದು ಆಂಟಿಬಯಾಟಿಕ್ ಮಾತ್ರೆಗಳ ಬಗ್ಗೆ ವೈದ್ಯರೊಬ್ಬರ ಜೊತೆ ಮಾತುಕತೆ ನಡೆದಿತ್ತು. ಕೊನೆಯ ನಿಮಿಷದಲ್ಲಿ ಒಬ್ಬ ತಾಯಿ ಕೇಳಿದರು: "ಅಲ್ಲಾ ಸಾರ್, ಕೋಳಿಗೂ ಹಸುವಿಗೂ ಕೊಟ್ಟ ಔಷಧಿಗೂ ನಮ್ಮ ಕಾಯಿಲೆಗೂ ಏನು ಸಂಬಂಧ?" ವೈದ್ಯರು "ಸಂಬಂಧ ಇದೆಯಮ್ಮಾ" ಎನ್ನುವಷ್ಟರಲ್ಲಿ ಸಮಯ ಮುಗಿದು ಹಾಡು ಹಾಕಬೇಕಾಯಿತು. ಆ ಉತ್ತರದ ಬಾಕಿ ನನ್ನ ಮೇಲೆ ಉಳಿದುಕೊಂಡಿತು.

ಬಾಕಿಯನ್ನು ಮರೆಯದಿರಲು ಇನ್ನೊಂದು ಕಾರಣವೂ ಇತ್ತು. ಅದೇ ದಿನಗಳಲ್ಲಿ ಡೊಂಬಿವಲಿಯಲ್ಲಿರುವ ನಮ್ಮ ಸೋದರತ್ತೆಗೆ ಮೂತ್ರದ ಸೋಂಕಾಗಿ ಆಸ್ಪತ್ರೆ ಸೇರಿದ್ದರು. ಎರಡು ಬಗೆಯ ಔಷಧಿ ಕೊಟ್ಟರೂ ಜ್ವರ ಇಳಿಯಲಿಲ್ಲ. ಕಲ್ಚರ್ ರಿಪೋರ್ಟು ಬಂದಾಗ ಅದನ್ನು ಕೈಯಲ್ಲಿ ಹಿಡಿದವನು ನಾನೇ. ಹನ್ನೆರಡು ಔಷಧಿಗಳ ಹೆಸರು, ಪ್ರತಿಯೊಂದರ ಮುಂದೆ ಒಂದು ಅಕ್ಷರ. 'ಎಸ್' ಎಂದರೆ ಬ್ಯಾಕ್ಟೀರಿಯಾ ಆ ಮದ್ದಿಗೆ ಬಗ್ಗುತ್ತದೆ, 'ಆರ್' ಎಂದರೆ ಬಗ್ಗುವುದಿಲ್ಲ. ಒಂಬತ್ತು ಕಡೆ 'ಆರ್' ಇತ್ತು. ಕನ್ನಡ ಬಿ.ಎ. ಓದಿದ ನನಗೆ ವಿಜ್ಞಾನ ಅಷ್ಟಕ್ಕಷ್ಟೇ. ಆದರೆ ಆ ಒಂಬತ್ತು 'ಆರ್'ಗಳನ್ನು ಓದಲು ವಿಜ್ಞಾನ ಬೇಕಿರಲಿಲ್ಲ. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಓದಿದ್ದರಲ್ಲಿ ಒಂದಿಷ್ಟು ಚರಿತ್ರೆ ಇಲ್ಲಿದೆ.

ಬಂಗಾರದ ಬಣ್ಣದ ಮದ್ದು

ಕಥೆ ಶುರುವಾಗುವುದು ಅಮೆರಿಕದಲ್ಲಿ. ಆದರೆ ಅಲ್ಲಿಯೂ ನಮ್ಮ ಕಡೆಯವರೊಬ್ಬರಿದ್ದಾರೆ. ಚೆನ್ನೈ ಮತ್ತು ಹೈದರಾಬಾದಿನ ಕೇಳುಗರು ಗಮನಿಸಬೇಕು. ಅವರೇ ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ಹೋಗಿ ಲೆಡರ್ಲೆ ಎಂಬ ಔಷಧಿ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದವರು. ಅವರ ಮಾರ್ಗದರ್ಶನದಲ್ಲಿ ಬೆಂಜಮಿನ್ ಡಗ್ಗರ್ ಎಂಬ ವಯಸ್ಸಾದ ಸಸ್ಯವಿಜ್ಞಾನಿ ದೇಶದ ನಾನಾ ಕಡೆಯಿಂದ ಮಣ್ಣು ತರಿಸಿ, ಆ ಮಣ್ಣಿನ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸುತ್ತಿದ್ದರು. 1945ರಲ್ಲಿ ಮಿಸೌರಿ ರಾಜ್ಯದ ಒಂದು ಹುಲ್ಲುಗಾವಲಿನ ಮಣ್ಣಿನಲ್ಲಿ ಬಂಗಾರದ ಬಣ್ಣದ ಒಂದು ಜೀವಿ ಸಿಕ್ಕಿತು. ಅದರಿಂದ ಬಂದ ಮದ್ದಿಗೆ 'ಆರಿಯೋಮೈಸಿನ್' ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಬಂಗಾರಕ್ಕೆ 'ಆರಮ್' ಎನ್ನುತ್ತಾರೆ, ಹೆಸರು ಅಲ್ಲಿಂದ ಬಂತು. ಟೆಟ್ರಾಸೈಕ್ಲಿನ್ ಎಂದು ನಾವೀಗ ಕರೆಯುವ ಮನೆತನದ ಮೊದಲ ಕೂಸು ಇದು. 1948ರಲ್ಲಿ ಲೋಕಕ್ಕೆ ಇದರ ಪರಿಚಯವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಮನುಷ್ಯರ ಪ್ರಾಣ ಉಳಿಸಲೆಂದು ಹುಡುಕಿದ ಮದ್ದು ಮುಂದೆ ಎಲ್ಲೆಲ್ಲಿಗೆ ಹೋಯಿತೆಂಬುದನ್ನು ನೋಡಲು ಅವರು ಇರಲಿಲ್ಲ.

ಅದೇ ಕಂಪನಿಯಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಎಂಬ ಇಬ್ಬರು ಕೋಳಿಗಳ ಆಹಾರದ ಬಗ್ಗೆ ಪ್ರಯೋಗ ಮಾಡುತ್ತಿದ್ದರು. ಯುದ್ಧ ಮುಗಿದ ಕಾಲ. ಮಾಂಸಕ್ಕೆ ಬೇಡಿಕೆ, ಮೇವು ದುಬಾರಿ. ಸೋಯಾಬೀನ್‌ನಂಥ ಅಗ್ಗದ ಮೇವು ತಿನ್ನಿಸಿದರೆ ಮರಿಗಳು ಸರಿಯಾಗಿ ಬೆಳೆಯುತ್ತಿರಲಿಲ್ಲ. ಅದರಲ್ಲಿ ಬಿ-12 ಜೀವಸತ್ವ ಇರಲಿಲ್ಲ. ಆರಿಯೋಮೈಸಿನ್ ತೆಗೆದ ಮೇಲೆ ಉಳಿಯುವ ಗಸಿಯಲ್ಲಿ ಆ ಜೀವಸತ್ವ ಇರಬಹುದೆಂದು ಊಹಿಸಿ, ಅದನ್ನೇ ಕೆಲವು ಮರಿಗಳ ಮೇವಿಗೆ ಬೆರೆಸಿದರು. 1948ರ ಕ್ರಿಸ್‌ಮಸ್ ದಿನ ಎಲ್ಲರೂ ರಜೆಯಲ್ಲಿದ್ದಾಗ ಜೂಕ್ಸ್ ಒಬ್ಬರೇ ಬಂದು ಮರಿಗಳನ್ನು ತೂಗಿದರು. ಗಸಿ ತಿಂದ ಮರಿಗಳು ಎಲ್ಲಕ್ಕಿಂತ ಹೆಚ್ಚು ತೂಗಿದವು. ಯಕೃತ್ತಿನ ಸಾರ ತಿಂದ ಮರಿಗಳನ್ನೂ ಮೀರಿಸಿದ್ದವು! ಬರೀ ಜೀವಸತ್ವದಿಂದ ಇಷ್ಟು ಬೆಳವಣಿಗೆ ಸಾಧ್ಯವಿರಲಿಲ್ಲ. ಗಸಿಯಲ್ಲಿ ಉಳಿದಿದ್ದ ಅಷ್ಟಿಷ್ಟು ಆಂಟಿಬಯಾಟಿಕ್ ಈ ಕೆಲಸ ಮಾಡಿತ್ತು.

1950ರಲ್ಲಿ ಸುದ್ದಿ ಪತ್ರಿಕೆಗಳಲ್ಲಿ ಬಂತು. 1951ರಲ್ಲಿ ಅಮೆರಿಕ ಸರ್ಕಾರ ಮೇವಿಗೆ ಬೆರೆಸಲು ಒಪ್ಪಿಗೆ ಕೊಟ್ಟಿತು. 1953ರಲ್ಲಿ ಬ್ರಿಟನ್ ಕೂಡ ಹಂದಿ ಮತ್ತು ಕೋಳಿಗಳ ಮೇವಿಗೆ ಪೆನಿಸಿಲಿನ್ ಮತ್ತು ಆರಿಯೋಮೈಸಿನ್ ಬೆರೆಸಲು ಕಾನೂನು ಮಾಡಿತು. ಒಂದು ಟನ್ ಮೇವಿಗೆ ಕೆಲವೇ ಗ್ರಾಂ ಸಾಕು. ವೈದ್ಯರ ಚೀಟಿ ಬೇಡ, ರೋಗವೂ ಬೇಡ. ಮದ್ದು ಎಂಬುದು ಹಿಂಡಿಯ ಹಾಗೆ ಮೂಟೆಯಲ್ಲಿ ಮಾರಾಟವಾಗತೊಡಗಿತು.

ಕಡಿಮೆ ಮದ್ದಿನ ಅಪಾಯ

ಇಲ್ಲಿ ನೀವು ಕೇಳಬಹುದು: ಅಷ್ಟು ಕಡಿಮೆ ಮದ್ದಿನಿಂದ ಏನಾಗುತ್ತದೆ? ಅಪಾಯ ಇರುವುದೇ ಆ ಕಡಿಮೆಯಲ್ಲಿ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರ್‌ನಲ್ಲಿ ನೊಬೆಲ್ ಭಾಷಣ ಮಾಡುವಾಗಲೇ ಎಚ್ಚರಿಸಿದ್ದರು. ಸೂಕ್ಷ್ಮಜೀವಿಯನ್ನು ಕೊಲ್ಲಲು ಸಾಲದಷ್ಟು ಮದ್ದು ಕೊಟ್ಟರೆ, ಅದು ಆ ಮದ್ದನ್ನು ಎದುರಿಸುವುದನ್ನು ಕಲಿಯುತ್ತದೆ ಎಂಬುದು ಅವರ ಮಾತಿನ ಸಾರ. ನಮ್ಮ ಹೊಲದ ಮಾತಿನಲ್ಲಿ ಹೇಳುವುದಾದರೆ ಹೀಗೆ: ಗದ್ದೆಗೆ ಅರೆಬರೆ ಕಳೆನಾಶಕ ಹೊಡೆದರೆ ಎಳೆಯ ಕಳೆ ಸಾಯುತ್ತದೆ, ಗಟ್ಟಿ ಕಳೆ ಉಳಿಯುತ್ತದೆ. ಮುಂದಿನ ಬೆಳೆಗೆ ಬೀಜ ಉದುರಿಸುವುದು ಆ ಗಟ್ಟಿ ಕಳೆಯೇ. ಬ್ಯಾಕ್ಟೀರಿಯಾಗಳಿಗೆ 'ಮುಂದಿನ ಬೆಳೆ' ಬರಲು ವರ್ಷ ಬೇಡ, ಕೆಲವು ಸಲ ಅರ್ಧ ಗಂಟೆ ಸಾಕು.

ಇಷ್ಟೇ ಆಗಿದ್ದರೆ ಕೋಳಿಯ ಬ್ಯಾಕ್ಟೀರಿಯಾ ಕೋಳಿಗೇ ಇರಲಿ ಎಂದು ಬಿಡಬಹುದಿತ್ತು. ಆದರೆ 1959ರಲ್ಲಿ ಜಪಾನಿನ ವಿಜ್ಞಾನಿಗಳು ಒಂದು ವಿಚಿತ್ರ ಕಂಡರು. ಅಲ್ಲಿ ಆಮಶಂಕೆ ಹರಡಿದಾಗ ರೋಗಾಣು ಒಂದೇ ಏಟಿಗೆ ನಾಲ್ಕು ಬಗೆಯ ಔಷಧಿಗಳಿಗೆ ಬಗ್ಗದಂತಾಗಿತ್ತು. ಹುಡುಕಿ ನೋಡಿದರೆ, ಒಂದು ಜಾತಿಯ ಬ್ಯಾಕ್ಟೀರಿಯಾ ತನ್ನ ಪ್ರತಿರೋಧದ ಗುಣವನ್ನು ಪಕ್ಕದಲ್ಲಿದ್ದ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಕ್ಕೆ ದಾಟಿಸುತ್ತಿತ್ತು. ತಾಯಿಯಿಂದ ಮಗುವಿಗೆ ಬರುವಂತೆ ಅಲ್ಲ, ನೆರೆಮನೆಯವರು ಗೋಡೆಯ ಮೇಲಿಂದ ಬಟ್ಟಲು ದಾಟಿಸಿದಂತೆ. ಈ ಬಟ್ಟಲಿಗೆ ವಿಜ್ಞಾನಿಗಳು 'ಪ್ಲಾಸ್ಮಿಡ್' ಎನ್ನುತ್ತಾರೆ. ಹಾಗಾದ ಮೇಲೆ ಕೋಳಿಯ ಕರುಳಿನಲ್ಲಿ ಹುಟ್ಟಿದ್ದು ಕೋಳಿಯ ಕರುಳಿನಲ್ಲೇ ಉಳಿಯಬೇಕೆಂದಿಲ್ಲ.

1960ರ ದಶಕದ ನಡುವಿನಲ್ಲಿ ಇ. ಎಸ್. ಆಂಡರ್ಸನ್ ಎಂಬ ಬ್ರಿಟಿಷ್ ವಿಜ್ಞಾನಿ ಇದನ್ನು ಕರುಗಳಲ್ಲಿ ತೋರಿಸಿದರು. ಒಂದೇ ಕೊಟ್ಟಿಗೆಯಲ್ಲಿ ಒತ್ತೊತ್ತಾಗಿ ಸಾಕಿದ ಕರುಗಳಿಗೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಭೇದಿ ಬರುತ್ತಿತ್ತು. ಮದ್ದು ಸುರಿದಂತೆಲ್ಲ ಅದು ಒಂದೊಂದೇ ಮದ್ದನ್ನು ಮೀರುತ್ತಾ ಹೋಯಿತು. ಕರುಗಳು ದಲ್ಲಾಳಿಗಳ ಕೈಯಿಂದ ಊರೂರಿಗೆ ಹೋದಂತೆ ಅದೂ ಹೋಯಿತು. ಅದೇ ಬಗೆಯ ಸೋಂಕು ಮನುಷ್ಯರಲ್ಲೂ ಕಾಣಿಸಿತು. ಗಲಾಟೆಯಾಗಿ ಸರ್ಕಾರ ಸ್ವಾನ್ ಸಮಿತಿಯನ್ನು ನೇಮಿಸಿತು. 1969ರಲ್ಲಿ ಬಂದ ಅದರ ವರದಿ ನೇರವಾಗಿ ಹೇಳಿತು: ಮನುಷ್ಯರ ಚಿಕಿತ್ಸೆಗೆ ಬೇಕಾದ ಆಂಟಿಬಯಾಟಿಕ್‌ಗಳನ್ನು ಪ್ರಾಣಿಗಳ ಮೈ ಬೆಳೆಸಲು ಬಳಸಬಾರದು. 1971ರಲ್ಲಿ ಬ್ರಿಟನ್ ಮೇವಿನಿಂದ ಪೆನಿಸಿಲಿನ್ ಮತ್ತು ಟೆಟ್ರಾಸೈಕ್ಲಿನ್ ತೆಗೆಯಿತು.

ಒಂದು ಮನೆಯ ಪ್ರಯೋಗ

ಈಗ ಆ ತಾಯಿಯ ಪ್ರಶ್ನೆಗೆ ನೇರ ಉತ್ತರ. ಅಮೆರಿಕದ ಸ್ಟುವರ್ಟ್ ಲೆವಿ ಎಂಬ ವೈದ್ಯರು ಬಾಸ್ಟನ್ ಹತ್ತಿರದ ಒಂದು ರೈತ ಕುಟುಂಬದ ಜಮೀನಿನಲ್ಲಿ ಕೋಳಿಮರಿಗಳನ್ನು ಎರಡು ಗುಂಪು ಮಾಡಿ ಸಾಕಿಸಿದರು. ಒಂದು ಗುಂಪಿಗೆ ಸಾದಾ ಮೇವು, ಇನ್ನೊಂದಕ್ಕೆ ಟೆಟ್ರಾಸೈಕ್ಲಿನ್ ಬೆರೆಸಿದ ಮೇವು. ಒಂದೇ ವಾರದಲ್ಲಿ ಎರಡನೇ ಗುಂಪಿನ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಪೂರ್ತಿಯಾಗಿ ಆ ಮದ್ದನ್ನು ಮೀರಿದ್ದವು. ಐದಾರು ತಿಂಗಳಲ್ಲಿ ಆ ಮನೆಯವರ ಮಲದ ಮಾದರಿಗಳ ಪೈಕಿ ಶೇ. 31.3ರಲ್ಲಿ ಬ್ಯಾಕ್ಟೀರಿಯಾಗಳ ಬಹುಪಾಲು ಮದ್ದಿಗೆ ಬಗ್ಗದವಾಗಿದ್ದವು. ಅಕ್ಕಪಕ್ಕದ ಮನೆಯವರ ಮಾದರಿಗಳಲ್ಲಿ ಇದು ಶೇ. 6.8 ಮಾತ್ರ. ಆ ಮನೆಯವರಾರೂ ಟೆಟ್ರಾಸೈಕ್ಲಿನ್ ನುಂಗಿರಲಿಲ್ಲ, ನುಂಗಿದ್ದು ಕೋಳಿಗಳು! 1976ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅದರಲ್ಲಿ ಒಂದು ಸಮಾಧಾನದ ಸಂಗತಿಯೂ ಇತ್ತು. ಮದ್ದಿನ ಮೇವು ನಿಲ್ಲಿಸಿದ ಮೇಲೆ, ತಿಂಗಳುಗಳು ಕಳೆದಂತೆ, ಮನೆಯ ಹೆಚ್ಚಿನವರಲ್ಲಿ ಆ ಬ್ಯಾಕ್ಟೀರಿಯಾ ಇಳಿಯಿತು. ಅಂದರೆ ಹಿಂದಿರುಗುವ ದಾರಿ ಪೂರ್ತಿ ಮುಚ್ಚಿಲ್ಲ.

ಮರುವರ್ಷ, 1977ರಲ್ಲಿ, ಅಮೆರಿಕದ ಔಷಧಿ ಇಲಾಖೆ ಈ ಬಳಕೆಯನ್ನು ನಿಲ್ಲಿಸಲು ಹೊರಟಿತು. ಆದರೆ ಕೈಗಾರಿಕೆ ಮತ್ತು ರಾಜಕೀಯದ ಒತ್ತಡದಲ್ಲಿ ಪ್ರಸ್ತಾಪ ಮೂಲೆ ಸೇರಿತು. ಮನುಷ್ಯರಿಗೆ ಬೇಕಾದ ಔಷಧಿಗಳನ್ನು ಬೆಳವಣಿಗೆಗಾಗಿ ಮೇವಿಗೆ ಬೆರೆಸುವುದು ಅಲ್ಲಿ ನಿಂತದ್ದು 2017ರಲ್ಲಿ, ಅಂದರೆ ನಲವತ್ತು ವರ್ಷಗಳ ನಂತರ. ಸ್ವೀಡನ್ 1986ರಲ್ಲೇ ನಿಲ್ಲಿಸಿತ್ತು. ಡೆನ್ಮಾರ್ಕ್ ಒಂದೊಂದಾಗಿ ನಿಲ್ಲಿಸುತ್ತಾ ಬಂತು, ಆದರೂ ಅಲ್ಲಿನ ಹಂದಿ ಸಾಕಣೆ ಮುಳುಗಲಿಲ್ಲ. 2006ರ ಜನವರಿ 1ರಿಂದ ಇಡೀ ಯುರೋಪಿಯನ್ ಒಕ್ಕೂಟದಲ್ಲಿ ಬೆಳವಣಿಗೆಗಾಗಿ ಆಂಟಿಬಯಾಟಿಕ್ ಕೊಡುವುದು ನಿಷೇಧವಾಯಿತು. ಅಲ್ಲಿ ಚೊಕ್ಕ ಕೊಟ್ಟಿಗೆ, ಲಸಿಕೆ, ಮರಿಗಳಿಗೆ ಸಾಕಷ್ಟು ಜಾಗ ಇವುಗಳೇ ಮದ್ದಿನ ಕೆಲಸದಲ್ಲಿ ಹೆಚ್ಚಿನದನ್ನು ಮಾಡಿದವು.

ನಮ್ಮ ಕೊಟ್ಟಿಗೆಗೆ ಬರೋಣ

ಲಸಿಕೆ ಎಂದಾಗ ನಮ್ಮ ದೇಶದ ಮಾತು ಹೇಳಲೇಬೇಕು. ಪುಣೆಯ ಕೇಳುಗರೇ, 1889ರಲ್ಲಿ ದನಕರುಗಳ ರೋಗಗಳ ಅಧ್ಯಯನಕ್ಕೆಂದು ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ ಶುರುವಾದದ್ದು ನಿಮ್ಮ ಊರಿನಲ್ಲೇ. 1893ರಲ್ಲಿ ಅದು ಹಿಮಾಲಯದ ತಪ್ಪಲಿನ ಮುಕ್ತೇಶ್ವರಕ್ಕೆ ಹೋಯಿತು, ಮುಂದೆ ಇಂದಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸಂಸ್ಥಾನದ ಸೀರಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಊರಿನಲ್ಲಿ ದನ ಸಾಕಿದವರಿಗೆ ಗಂಟಲು ಬೇನೆ, ಚಪ್ಪೆ ರೋಗ, ನೆರಡಿ ಎಂಬ ಹೆಸರುಗಳು ಗೊತ್ತು. ಮೂರೂ ಬ್ಯಾಕ್ಟೀರಿಯಾದಿಂದ ಬರುವ ರೋಗಗಳು, ಮೂರಕ್ಕೂ ಲಸಿಕೆ ಇದೆ. ಲಸಿಕೆ ಹಾಕಿಸಿದ ದನಕ್ಕೆ ರೋಗ ಬರುವುದು ಕಡಿಮೆ, ರೋಗ ಕಡಿಮೆಯಾದರೆ ಆಂಟಿಬಯಾಟಿಕ್ ಖರ್ಚಾಗುವುದೂ ಕಡಿಮೆ. ಹಳೆಯ ದಾರಿಯೇ ಒಳ್ಳೆಯ ದಾರಿ ಎನ್ನುವುದು ಇಂಥ ಕಡೆ ನಿಜ.

ಪುಣೆಗೆ ಇನ್ನೊಂದು ನಂಟೂ ಇದೆ. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಎಂಬ ಸರ್ಕಾರಿ ಕಾರ್ಖಾನೆ ಸ್ಥಾಪನೆಯಾಯಿತು. ದುಬಾರಿ ಪೆನಿಸಿಲಿನ್ ಬಡವರಿಗೂ ಸಿಗಲಿ ಎಂಬುದು ಉದ್ದೇಶ. ಅಲ್ಲಿ ಕೆಲಸ ಮಾಡಿದ ನಮ್ಮ ಮೈಸೂರು ನಾಡಿನ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ ಮತ್ತು ಅವರ ಸಂಗಡಿಗರು ಮಣ್ಣಿನ ಜೀವಿಯೊಂದರಿಂದ 'ಹಾಮೈಸಿನ್' ಎಂಬ ಮದ್ದು ತೆಗೆದರು. ಅದು ಬ್ಯಾಕ್ಟೀರಿಯಾಕ್ಕಲ್ಲ, ಶಿಲೀಂಧ್ರದ ಸೋಂಕಿಗೆ. ಆ ಮಣ್ಣಿನ ಜೀವಿಗೆ ಊರಿನ ನೆನಪಿಗಾಗಿ 'ಪಿಂಪ್ರಿನಾ' ಎಂದು ಹೆಸರಿಟ್ಟರು. ಮಣ್ಣು ಸೋಸಿ ಒಂದು ಮದ್ದು ತೆಗೆಯಲು ಎಷ್ಟು ಜನ ಎಷ್ಟು ವರ್ಷ ದುಡಿಯಬೇಕು! ಕಳೆದುಕೊಳ್ಳಲು ಮಾತ್ರ ಅಷ್ಟು ಕಾಲ ಬೇಡ.

ಕಳೆದುಕೊಳ್ಳುವವರು ಯಾರೋ ದುಷ್ಟರು ಎಂದುಕೊಳ್ಳಬೇಡಿ. ನನ್ನ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜಿ ಒಂದು ಸೀಮೆಹಸು ಸಾಕಿದ್ದರು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅದಕ್ಕೆ ಕೆಚ್ಚಲು ಬಾವು ಬಂತು. ಪಶುವೈದ್ಯರು ಬಂದು ಇಂಜೆಕ್ಷನ್ ಕೊಟ್ಟು, ಮೊಲೆಗೆ ಟ್ಯೂಬಿನ ಮದ್ದು ಹಾಕಿ, "ಇನ್ನೂ ಎರಡು ದಿನ ಇಂಜೆಕ್ಷನ್ ಆಗಬೇಕು ಅಜ್ಜಿ. ಅಲ್ಲಿವರೆಗೂ, ಆಮೇಲೆ ಕೆಲವು ದಿನವೂ ಹಾಲು ಡೈರಿಗೆ ಹಾಕಬೇಡಿ" ಎಂದರು. ಮೊದಲ ದಿನ ಅಜ್ಜಿ ಹಾಲನ್ನು ತೆಂಗಿನ ಬುಡಕ್ಕೆ ಸುರಿದರು. ಎರಡನೇ ದಿನ ಬಾವು ಇಳಿದಿತ್ತು. "ಚೆನ್ನಾಗೈತಲ್ಲ, ಇನ್ಯಾಕೆ ಸೂಜಿ?" ಎಂದು ವೈದ್ಯರಿಗೆ ಹೇಳಿಕಳಿಸಲಿಲ್ಲ. ಮೂರನೇ ದಿನ ಹಾಲು ಡೈರಿಯ ಕ್ಯಾನು ಸೇರಿತು. ವಾರದ ಬಟವಾಡೆಯ ಆ ದುಡ್ಡಿನಲ್ಲೇ ನನ್ನ ನೋಟ್‌ಬುಕ್ಕು ಬರಬೇಕಿತ್ತು. ಅಜ್ಜಿಯನ್ನು ಹೇಗೆ ಬಯ್ಯಲಿ? ಆದರೆ ಅಂದು ನಮ್ಮ ಕೊಟ್ಟಿಗೆಯಲ್ಲಿ ಎರಡು ತಪ್ಪಾದವು. ಅರ್ಧಕ್ಕೆ ನಿಂತ ಚಿಕಿತ್ಸೆ ಒಂದು, ಮದ್ದಿನ ಅಂಶವಿರುವ ಹಾಲು ಇನ್ನೊಂದು. ಈಗ ಇದಕ್ಕೆ ನಿಯಮವೂ ಇದೆ. 2012ರಿಂದ ಪಶು ಔಷಧಿಯ ಪೊಟ್ಟಣದ ಮೇಲೆ ಎಷ್ಟು ದಿನ ಹಾಲು, ಮೊಟ್ಟೆ, ಮಾಂಸ ಬಳಸಬಾರದೆಂದು ಬರೆದಿರಬೇಕು. ಅವಧಿ ನಿಗದಿಯಾಗಿಲ್ಲದ ಔಷಧಿಯಾದರೆ ಹಾಲು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ನಿಯಮ ಒಳ್ಳೆಯದೇ. ಆದರೆ ಸುರಿದ ಹಾಲಿನ ನಷ್ಟ ತುಂಬಿಕೊಡುವವರು ಯಾರು ಎಂಬ ಅಜ್ಜಿಯ ಪ್ರಶ್ನೆಗೆ ಆ ಪೊಟ್ಟಣದಲ್ಲಿ ಉತ್ತರವಿಲ್ಲ.

ನಮ್ಮ ತಟ್ಟೆಯ ಸ್ಥಿತಿ ಹೇಗಿದೆ? 2014ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ದೆಹಲಿ ಸುತ್ತಮುತ್ತಲಿನ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 40ರಲ್ಲಿ ಆಂಟಿಬಯಾಟಿಕ್ ಅಂಶ ಸಿಕ್ಕಿತು. ಹಾಲಿನ ಸುದ್ದಿ ಅಷ್ಟು ಕೆಟ್ಟದಾಗಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶಾದ್ಯಂತ ತೆಗೆದ 6,432 ಮಾದರಿಗಳಲ್ಲಿ 77ರಲ್ಲಿ ಮಾತ್ರ ಮಿತಿ ಮೀರಿದ ಆಂಟಿಬಯಾಟಿಕ್ ಇತ್ತು.

ಕೊನೆಯ ಬಾಣ

ಇನ್ನು ಕೊಲಿಸ್ಟಿನ್ ಎಂಬ ಮದ್ದಿನ ಕಥೆ. ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತದೆಂದು 1970ರ ದಶಕದಲ್ಲಿ ವೈದ್ಯರು ಇದನ್ನು ಬದಿಗಿಟ್ಟಿದ್ದರು. ಆದರೆ ಬೇರೆ ಮದ್ದುಗಳು ಒಂದೊಂದಾಗಿ ಸೋತಾಗ, ಐಸಿಯುನಲ್ಲಿರುವ ರೋಗಿಗೆ ಕೊನೆಯ ಬಾಣವೆಂದು ಮತ್ತೆ ಹೊರತೆಗೆಯಬೇಕಾಯಿತು. ಅಷ್ಟರಲ್ಲಿ ಅದು ಅಗ್ಗದ ಮದ್ದೆಂದು ಹಲವು ದೇಶಗಳಲ್ಲಿ ಕೋಳಿ ಮತ್ತು ಹಂದಿಗಳ ಮೇವು ಸೇರಿಬಿಟ್ಟಿತ್ತು. ನಮ್ಮಲ್ಲಿಯೂ ಕೋಳಿಫಾರಂಗಳಲ್ಲಿ ಬಳಕೆಯಲ್ಲಿತ್ತು.

2015ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿಗಳು ಒಂದು ಸುದ್ದಿ ಪ್ರಕಟಿಸಿದರು. ಶಾಂಘಾಯ್‌ನ ಒಂದು ಹಂದಿಯಲ್ಲಿ ಕೊಲಿಸ್ಟಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕಿತ್ತು. ಆ ಗುಣ ಇದ್ದದ್ದು ಗೋಡೆ ದಾಟಿಸುವ ಆ ಬಟ್ಟಲಿನಲ್ಲಿ, ಅಂದರೆ ಪ್ಲಾಸ್ಮಿಡ್‌ನಲ್ಲಿ. ಕೊಲಿಸ್ಟಿನ್‌ಗೆ ಪ್ರತಿರೋಧ ಹೀಗೆ ಕೈಬದಲಾಗುವುದು ಅದುವರೆಗೆ ಕಂಡಿರಲಿಲ್ಲ. ಹುಡುಕಿದಾಗ 804 ಪ್ರಾಣಿಗಳ ಪೈಕಿ 166ರಲ್ಲಿ, 1,322 ಒಳರೋಗಿಗಳ ಪೈಕಿ 16 ಜನರಲ್ಲಿ ಅದು ಇತ್ತು. ಪ್ರಾಣಿಗಳಲ್ಲಿ ಹೆಚ್ಚು, ಮನುಷ್ಯರಲ್ಲಿ ಕಡಿಮೆ. ಯಾವ ಕಡೆಯಿಂದ ಯಾವ ಕಡೆಗೆ ಹೊರಟಿದೆ ಎಂಬುದನ್ನು ಆ ಲೆಕ್ಕವೇ ಸೂಚಿಸುತ್ತಿತ್ತು. ಚೀನಾ 2017ರಲ್ಲಿ ಮೇವಿನಲ್ಲಿ ಅದರ ಬಳಕೆ ನಿಲ್ಲಿಸಿತು. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳು, ಕೋಳಿ, ಮೀನುಗಳಿಗೆ ಕೊಲಿಸ್ಟಿನ್ ತಯಾರಿಸುವುದನ್ನೂ ಮಾರುವುದನ್ನೂ ನಿಷೇಧಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂದು ಕೆಲವರು ಆಡಿಕೊಂಡರು. ಆದರೆ ಊರಿನಲ್ಲಿ ಇನ್ನೂ ಉಳಿದದ್ದಿದೆಯಲ್ಲ, ಬಾಗಿಲು ಹಾಕಿದ್ದು ಒಳ್ಳೆಯದೇ ಎನ್ನುತ್ತೇನೆ ನಾನು.

ಇದು ಹೆದರಿಸುವ ಮಾತಲ್ಲ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಕೂಡ ಬೆಂಕಿಗೆ ಬಗ್ಗುತ್ತದೆ. ಮಾಂಸ, ಮೊಟ್ಟೆ ಚೆನ್ನಾಗಿ ಬೇಯಿಸಿ, ಹಾಲು ಕಾಯಿಸಿ. ಹಸಿ ಮಾಂಸ ಮುಟ್ಟಿದ ಕೈಯನ್ನೂ ಮಣೆಯನ್ನೂ ತೊಳೆಯಿರಿ. ಊರಿನಲ್ಲಿ ದನ ಸಾಕುವ ಅಣ್ಣತಮ್ಮಂದಿರಿಗೆ ಫೋನ್ ಮಾಡಿದಾಗ ಮಳೆ ಬೆಳೆ ವಿಚಾರಿಸುವ ಜೊತೆಗೆ ಲಸಿಕೆ ಹಾಕಿಸಿದಿರಾ ಎಂದೂ ಕೇಳಿ. ಇನ್ನೊಂದು ಮಾತು: ಎಲ್ಲ ತಪ್ಪನ್ನೂ ಕೋಳಿಯ ತಲೆಗೆ ಕಟ್ಟುವುದೂ ಸರಿಯಲ್ಲ. ನೆಗಡಿಗೂ ಅಂಗಡಿಯಿಂದ ನಾಲ್ಕು ಮಾತ್ರೆ ತಂದು ನುಂಗುವ ನಾವೂ ಇದರಲ್ಲಿ ಪಾಲುದಾರರು. 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಸತ್ತರೆಂದು ಅಂದಾಜಿದೆ.

ನಮ್ಮ ಅತ್ತೆಗೆ ಉಳಿದಿದ್ದ ಮೂರು 'ಎಸ್'ಗಳಲ್ಲಿ ಒಂದು ಕೆಲಸ ಮಾಡಿತು. ಹತ್ತು ದಿನ ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದರು. ಆ ಬ್ಯಾಕ್ಟೀರಿಯಾ ಎಲ್ಲಿಂದ ಬಂತು, ಕೊಟ್ಟಿಗೆಯಿಂದಲೋ, ಆಸ್ಪತ್ರೆಯಿಂದಲೋ, ಹಿಂದೆಂದೋ ಅರ್ಧಕ್ಕೆ ಬಿಟ್ಟ ಮಾತ್ರೆಯಿಂದಲೋ, ಯಾರಿಗೂ ಹೇಳಲಾಗದು. ಅವರು ಬಂದ ದಿನ ನಾನು ಈ ಕಥೆಯನ್ನೆಲ್ಲ ಹೇಳಿದೆ. ಅಜ್ಜಿಯ ಹಸುವಿನ ಸಂಗತಿ ಬಂದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಕ್ಯಾನು ಹೊತ್ಕೊಂಡು ಡೈರಿಗೆ ಹೋದೋಳು ನಾನೇ ಕಣೋ" ಎಂದರು.

ಕರೆ ಮಾಡಿದ ತಾಯಿಗೆ ಇದು ನನ್ನ ಉತ್ತರ. ತಡವಾಯಿತು, ಕ್ಷಮಿಸಿ. ನಿಮ್ಮ ಊರಿನ ಕೊಟ್ಟಿಗೆಯ ಅನುಭವಗಳಿದ್ದರೆ ಬರೆದು ಕಳಿಸಿ, ಕಾರ್ಯಕ್ರಮದಲ್ಲಿ ಓದುತ್ತೇನೆ. ಮುಂದಿನ ವಾರ ಅದೇ ಹೊತ್ತಿಗೆ, ಅದೇ ಅಲೆಯಲ್ಲಿ ಸಿಗೋಣ.